ಗಿಡ ಕೊಟ್ಟಿರಿ, ಗರಗಸ ಹಿಡಿಯುವುದನ್ನೂ ಕಲಿಸಿ

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ಕೊಡಗಿನ ಸುಂಟಿಕೊಪ್ಪದ ಹತ್ತಿರದ ಸಣ್ಣ ಬೆಳೆಗಾರ. ಕಾಫಿ, ಅದರ ನಡುವೆ ಕಿತ್ತಳೆ, ಮೆಣಸು, ಬೆಣ್ಣೆಹಣ್ಣು (ಅವಕಾಡೊ). ರಸ್ತೆ, ಆನೆ ಅಂತ ನಿಮಗೆ ದಿನಾ ಅರ್ಜಿ ಬರುತ್ತವೆ. ನನ್ನದು ಗರಗಸದ ವಿಷಯ, ಅಂದರೆ ಹಣ್ಣಿನ ಮರದ ಕೊಂಬೆ ಸವರುವುದನ್ನು ಕಲಿಸುವ ವಿಷಯ.

7 ವರ್ಷದ ಹಿಂದೆ ಸಬ್ಸಿಡಿಯಲ್ಲಿ 40 ಬೆಣ್ಣೆಹಣ್ಣಿನ ಗಿಡ ಸಿಕ್ಕಿದವು. ಗಿಡ ಕೊಟ್ಟವರು ಗುಂಡಿ ಅಳತೆ ಹೇಳಿದರು, ಗೊಬ್ಬರದ ಲೆಕ್ಕ ಹೇಳಿದರು, ಫೋಟೋ ತೆಗೆದುಕೊಂಡು ಹೋದರು. ತೋಟದ ನೆರಳಲ್ಲಿ ಗಿಡಗಳು ಬೆಳಕು ಹುಡುಕುತ್ತಾ ನೆಟ್ಟಗೆ ಮೇಲಕ್ಕೆ ಹೋದವು. ಈಗ ಕಾಯಿ ಇರುವುದು 30 ಅಡಿ ಮೇಲೆ. ಹತ್ತುವವರಿಲ್ಲ, ಉದುರಿದ್ದಕ್ಕೆ ಬೆಲೆ ಇಲ್ಲ. ಸೊಂಟದೆತ್ತರ ಇದ್ದಾಗಲೇ ತುದಿ ಚಿವುಟಿ, ಬೇರೆ ಬೇರೆ ದಿಕ್ಕಿಗೆ ಮೂರ್ನಾಲ್ಕು ಕೊಂಬೆ ಬಿಟ್ಟಿದ್ದರೆ ಸಾಕಿತ್ತು. ಎರಡು ನಿಮಿಷದ ಕೆಲಸ. ಅದನ್ನು ಮಾತ್ರ ಯಾರೂ ಹೇಳಲಿಲ್ಲ.

ಹೋದ ವರ್ಷ ಮೇ ಕೊನೆಗೆ, ಮರಗಸಿಗೆ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸಕ್ಕೆ) ಬಂದವನಿಂದಲೇ ಒಂದು ಮರದ ತಲೆ ಕಡಿಸಿದೆ. ಸಿಲ್ವರ್ ಓಕ್ ಕಡಿದು ಪಳಗಿದ ಕೈ ಅದು. ಮೇಲಿಂದ ಕತ್ತಿ ಬೀಸಿದ. ಕೊಂಬೆ ಅರ್ಧಕ್ಕೇ ಮುರಿದು, ಕಾಂಡದ ಸಿಪ್ಪೆಯನ್ನು ಮೊಳದುದ್ದ ಸೀಳಿಕೊಂಡು ಬಿತ್ತು. ಗಾಯ ಕೊಳೆಯದಂತೆ ಬೋರ್ಡೋ ಪೇಸ್ಟ್ (ಮೈಲುತುತ್ತ, ಸುಣ್ಣದ ಲೇಪ) ಹಚ್ಚುವಷ್ಟರಲ್ಲಿ ಮಳೆ ಹಿಡಿಯಿತು. ಆಗಸ್ಟ್‌ನಲ್ಲಿ ಗಾಯ ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು. ಮರ ಉಳಿಯಲಿಲ್ಲ. ಮೊದಲು ಕೊಂಬೆಯ ಅಡಿಯಿಂದ ಸ್ವಲ್ಪ ಕೊಯ್ಯಬೇಕು, ಆಮೇಲೆ ಗೇಣು ಆಚೆ ಮೇಲಿಂದ ಕೊಯ್ದು ಭಾರ ಇಳಿಸಬೇಕು, ಉಳಿದ ಮೋಟನ್ನು ಕಾಂಡದ ಹತ್ತಿರದ ಉಬ್ಬು ಬಿಟ್ಟು ತೆಗೆಯಬೇಕು. ಇದು ನನಗೆ ಗೊತ್ತಾಗಿದ್ದು ಆಮೇಲೆ. ಅವನದೇನೂ ತಪ್ಪಿಲ್ಲ, ಮಳೆಗಾಲದ ಬಾಗಿಲಲ್ಲಿ ಕಡಿಸಿದವನು ನಾನು.

ಕಿತ್ತಳೆಯದು ಇನ್ನೊಂದು ಕಥೆ. ನಮ್ಮಲ್ಲಿ ಕಸಿ ಅಂದರೆ ಗಿಡ ಕೂಡಿಸುವುದೂ ಹೌದು, ಕೊಂಬೆ ಸವರುವುದೂ ಹೌದು. ಮೊದಲನೆಯದನ್ನು ನರ್ಸರಿಯವರು ಮಾಡಿ ಕೊಡುತ್ತಾರೆ, ಎರಡನೆಯದು ನಮ್ಮ ಪಾಲಿನದು, ಅದನ್ನೇ ಮರೆಯುತ್ತೇವೆ. ಕಸಿಗಂಟಿನ ಕೆಳಗೆ ಎದ್ದ ಮುಳ್ಳಿನ ಚಿಗುರನ್ನು 'ಚೆನ್ನಾಗಿ ಬರ್ತಿದೆ' ಅಂತ ಬಿಟ್ಟವರನ್ನು ನೋಡಿದ್ದೇನೆ. ಕೊನೆಗೆ ಮೇಲಿನ ಕಿತ್ತಳೆ ಸೊರಗಿ, ಕಸಿಗೆ ಬುಡವಾಗಿದ್ದ ಬೇರುಗಿಡವೇ ದೊಡ್ಡದಾಗಿ ಹುಳಿ ಕಾಯಿ ಬಿಡುತ್ತದೆ. ಜಿಐ ಟ್ಯಾಗ್ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಇರುವ ಕೊಡಗಿನ ಕಿತ್ತಳೆಗೆ ಈ ಗತಿ, ನಗೋದಾ ಅಳೋದಾ ಹೇಳಿ.

ತಿಳಿದವರು ದೂರದಲ್ಲೇನೂ ಇಲ್ಲ. ಚೆಟ್ಟಳ್ಳಿಯಲ್ಲಿ ತೋಟಗಾರಿಕೆ ಪ್ರಯೋಗ ಕೇಂದ್ರ ಇದೆ, ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಆದರೆ ತರಬೇತಿಗೆ ಹೋಗಿ ಊಟ ಮಾಡಿ ಬರುವವರು ನಾವು, ಮರ ಹತ್ತುವವರು ಲೈನ್‌ಮನೆಯ (ತೋಟದ ಸಾಲುಮನೆಯ) ಕಾರ್ಮಿಕರು. ಒಂದು ದಿನದ ಕೂಲಿ ಬಿಟ್ಟು ಅವರು ಹೇಗೆ ಬರುತ್ತಾರೆ? ಆ ಕೂಲಿಯನ್ನು ಸರ್ಕಾರ ಕೊಡಲಿ. ಪಂಚಾಯಿತಿಗೆ ಇಬ್ಬರಾದರೂ ಕಲಿಯಲಿ. ಕೈಗೊಂದು ಒಳ್ಳೆಯ ಗರಗಸ, ಒಂದು ಕತ್ತರಿ ಕೊಡಿಸಿ. ಕಾಫಿ ಕೊಯ್ಲು ಮುಗಿದು ಗಿಡಗಸಿ (ಕಾಫಿ ಗಿಡ ಸವರುವುದು) ಶುರುವಾಗುವ ಹೊತ್ತಿಗೆ ಇದು ನಡೆಯಬೇಕು, ಜೂನ್‌ನಲ್ಲಿ ಸುಮ್ನೆ ಬ್ಯಾನರ್ ಕಟ್ಟಿ ಮಾಡಿದರೆ ಪ್ರಯೋಜನ ಇಲ್ಲ.

ಮೊದಲ ತರಬೇತಿಗೆ ನನ್ನ ತೋಟಕ್ಕೇ ಬನ್ನಿ. ಇನ್ನೂ 39 ಮರ ಇವೆ.

ಇತಿ,
ಸುಂಟಿಕೊಪ್ಪ ಕಡೆಯ ಒಬ್ಬ ಬೆಳೆಗಾರ