ಮಗಳಿಗೊಂದು ಪತ್ರ: ಸ್ಪೀಕರ್ ಹಾಕಿದೊಡನೆ ಸದ್ದು ಎಲ್ಲಿ ಹೋಯಿತು?

ಪುಟ್ಟಿ,

ರಾತ್ರಿ ನೀನು ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. "ನನಗೆ ಎಲೆಕ್ಟ್ರಾನಿಕ್ಸ್ ಬರಲ್ಲ, ಕೋರ್ಸ್ ಬಿಟ್ಟುಬಿಡ್ತೀನಿ" ಅಂದೆಯಲ್ಲ, ಅದಕ್ಕಿಂತ ಮುಂಚೆ ಸಿಟ್ಟಿನಲ್ಲಿ ಗಡಗಡ ಓದಿ ಹೇಳಿದ ಮೂರು ರೀಡಿಂಗ್‌ಗಳೇ ತಲೆಯಲ್ಲಿ ಉಳಿದವು. ಟ್ರಾನ್ಸಿಸ್ಟರಿನ ಮೂರು ಕಾಲುಗಳ ವೋಲ್ಟೇಜ್. ಬೇಸ್ 1.65 ವೋಲ್ಟ್. ಎಮಿಟರ್ 1 ವೋಲ್ಟ್. ಕಲೆಕ್ಟರ್ 6.4. ಎದ್ದು ಕೂತು ಹಾಳೆಯ ಮೇಲೆ ಲೆಕ್ಕ ಹಾಕಿದೆ. ಹಾಡಿನ ಸದ್ದು ಹೆಚ್ಚಿಸಲು ನೀನು ಕಟ್ಟಿದ ಆಂಪ್ಲಿಫೈಯರ್ ಸರಿಯಾಗಿದೆ ಕಣೇ. ಟ್ರಾನ್ಸಿಸ್ಟರ್ ಸುಟ್ಟಿಲ್ಲ. ಇನ್ನೊಂದು ತಂದು ಹಾಕಬೇಡ.

ದನಿ ಏರಿಸಿ ಮಾತಾಡಿದ್ದು ನನಗೂ ನೋವಾಗಿದೆ. ಈ ಕೋರ್ಸ್ ಸೇರುವಾಗ ಮನೆಯಲ್ಲಿ ನಡೆದದ್ದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ, ಇಬ್ಬರಿಗೂ ಗೊತ್ತಿದೆ.

ಆ ರೀಡಿಂಗ್‌ಗಳನ್ನೇ ನೋಡು. ಸಪ್ಲೈ 12 ವೋಲ್ಟ್, ಕಲೆಕ್ಟರ್ 6.4. ನಡುವಿನ 5.6 ಕಿಲೋ ಓಮ್ ರೆಸಿಸ್ಟರ್ ಮೇಲೆ 5.6 ವೋಲ್ಟ್ ನಿಂತಿದೆ, ಅಂದರೆ ಕರೆಂಟ್ 1 ಮಿಲಿಆಂಪ್. ಎಮಿಟರ್ ಕೆಳಗಿನ 1 ಕಿಲೋ ಓಮ್ ಮೇಲೆ 1 ವೋಲ್ಟ್, ಅದೂ 1 ಮಿಲಿಆಂಪ್. ಎರಡು ಕಡೆಯಿಂದಲೂ ಒಂದೇ ಉತ್ತರ. ಬೇಸ್ ಎಮಿಟರಿಗಿಂತ 0.65 ಮೇಲಿದೆ, ಸಿಲಿಕಾನ್ ಟ್ರಾನ್ಸಿಸ್ಟರ್ ಕೆಲಸ ಮಾಡುವಾಗ ಅಷ್ಟೇ ಇರಬೇಕು. ಹಾಡು ಇನ್ನೂ ಒಳಗೆ ಬಂದಿಲ್ಲ, ಆಗಲೇ ಸರ್ಕ್ಯೂಟ್ ಸಿದ್ಧವಾಗಿ ನಿಂತಿದೆ. ಬಯಾಸ್ ಅಂದರೆ ಇದೇ. ನೀನು ಅದರ ಸೂತ್ರ ಬಾಯಿಪಾಠ ಮಾಡಿದೆ, ಆದರೆ ಅದನ್ನು ಯಾಕೆ ಮಾಡುತ್ತಾರೆ ಅಂತ ನಿನಗೆ ಯಾರೂ ಹೇಳಿಲ್ಲ ಅನ್ನಿಸುತ್ತದೆ.

ಹಾಡಿನ ಸಿಗ್ನಲ್ ಮೇಲಕ್ಕೂ ಹೋಗುತ್ತದೆ, ಕೆಳಕ್ಕೂ ಹೋಗುತ್ತದೆ. ಬೇಸ್‌ಗೆ ಬರಿಯ ಸಿಗ್ನಲ್ ಕೊಟ್ಟರೆ ಕೆಳಗಿನ ಅರ್ಧಕ್ಕೆ ಟ್ರಾನ್ಸಿಸ್ಟರ್ ಏಳುವುದೇ ಇಲ್ಲ. ಅದಕ್ಕೆ ಮೊದಲೇ ಒಂದಿಷ್ಟು ಕರೆಂಟ್ ಹರಿಸಿ ಕಲೆಕ್ಟರನ್ನು ನಡುವೆ ನಿಲ್ಲಿಸುತ್ತೇವೆ. ನಿನ್ನ ಕಲೆಕ್ಟರ್ 12ರವರೆಗೆ ಏರಬಹುದು, ಸುಮಾರು 2ರವರೆಗೆ ಇಳಿಯಬಹುದು. 6.4 ಹೆಚ್ಚುಕಡಿಮೆ ನಡುವೆ. ಅದು 10ರಲ್ಲಿ ನಿಂತಿದ್ದರೆ, ತಗ್ಗು ಚಾವಣಿಯ ಕೋಣೆಯಲ್ಲಿ ಜಿಗಿದವರ ತಲೆ ಬಡಿದ ಹಾಗೆ, ಅಲೆಯ ಮೇಲಿನ ತುದಿ ಕತ್ತರಿಸಿ ಹೋಗುತ್ತಿತ್ತು. ಕಿವಿಗೆ ಒರಟಾಗಿ ಕೇಳುವ ಕ್ಲಿಪ್ಪಿಂಗ್ ಅದೇ.

ಟ್ರಾನ್ಸಿಸ್ಟರ್ ಬದಲಾಯಿಸಿದರೂ ರೀಡಿಂಗ್ ಕದಲಲಿಲ್ಲ ಅಂತ ರೇಗಿದೆ. ಕದಲಬಾರದು, ಪುಟ್ಟಿ! ನಿನ್ನ ಟ್ರಾನ್ಸಿಸ್ಟರ್ ಬಿ.ಸಿ. 547ರ ಕರೆಂಟ್ ಗೇನ್, ಅಂದರೆ ಬೇಸ್ ಕರೆಂಟಿನ ಎಷ್ಟು ಪಟ್ಟು ಕಲೆಕ್ಟರಿನಲ್ಲಿ ಹರಿಯುತ್ತದೆ ಅನ್ನುವುದು, 110 ಇರಬಹುದು, 800 ಇರಬಹುದು, ಎಲ್ಲವೂ ಆ ಹೆಸರಿನಲ್ಲೇ ಬರುತ್ತವೆ. ಕರೆಂಟ್ ಜಾಸ್ತಿಯಾದರೆ ಎಮಿಟರ್ ವೋಲ್ಟೇಜ್ ಏರುತ್ತದೆ. ಬೇಸನ್ನು 62 ಕಿಲೋ, 10 ಕಿಲೋ ಎರಡು ರೆಸಿಸ್ಟರ್ ಹಿಡಿದಿಟ್ಟಿವೆ. ಬೇಸ್-ಎಮಿಟರ್ ನಡುವಿನ ಅಂತರ ಕಡಿಮೆಯಾಗಿ ಕರೆಂಟ್ ತಾನಾಗಿ ಇಳಿಯುತ್ತದೆ. ಆ ಎಮಿಟರ್ ರೆಸಿಸ್ಟರ್ ಅಲ್ಲಿರುವುದೇ ಅದಕ್ಕೆ. ಅದನ್ನು ಹಾಕಿದ್ದು ನೀನೇ ಅಲ್ವಾ?

ಈಗ ಸಿಗ್ನಲ್ ಕೊಡು. ಬೇಸ್ 0.1 ವೋಲ್ಟ್ ಏರಿದರೆ ಎಮಿಟರ್ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. 1 ಕಿಲೋ ಓಮ್‌ನಲ್ಲಿ ಜಾಸ್ತಿಯಾದ ಕರೆಂಟೇ 5.6 ಕಿಲೋ ಓಮ್‌ನಲ್ಲೂ ಹರಿಯಬೇಕು. ಹಾಗಾಗಿ ಕಲೆಕ್ಟರ್ ಸುಮಾರು 0.55 ವೋಲ್ಟ್ ಇಳಿಯುತ್ತದೆ. ವೋಲ್ಟೇಜ್ ಗೇನ್ ಐದೂವರೆ ಪಟ್ಟು, ತಲೆಕೆಳಗಾಗಿ. ಸಿಗ್ನಲ್ ಒಳಬರುವಲ್ಲಿ, ಹೊರಹೋಗುವಲ್ಲಿ ಇರುವ ಕೆಪಾಸಿಟರ್‌ಗಳು ಬಯಾಸ್ ಆಚೆಗೆ ಹೋಗದಂತೆ ತಡೆದು ಹಾಡನ್ನಷ್ಟೇ ದಾಟಿಸುತ್ತವೆ.

ಆಮೇಲೆ ನೀನು 8 ಓಮ್ ಸ್ಪೀಕರ್ ತಂದು ಕೆಪಾಸಿಟರ್ ಮೂಲಕ ಕಲೆಕ್ಟರಿಗೆ ಹಾಕಿದೆ. ಸದ್ದು ಮಾಯ. ಸಿಗ್ನಲ್ ಪಾಲಿಗೆ 5.6 ಕಿಲೋ ಓಮ್ ಇದ್ದ ಜಾಗದಲ್ಲಿ ಈಗ ಬರೀ 8 ಓಮ್ ಇದೆ. 0.1 ವೋಲ್ಟ್ ಕೊಟ್ಟರೆ ಹೊರಗೆ ಒಂದು ಮಿಲಿವೋಲ್ಟೂ ಇಲ್ಲ. ಇದರಲ್ಲಿ ನಿನಗೆ ಬರದೇ ಇರುವುದು ಏನಿದೆ? 1 ಮಿಲಿಆಂಪ್‌ನಲ್ಲಿ ನಿಂತಿರುವ ಹಂತ 1 ಮಿಲಿಆಂಪಿನಷ್ಟೇ ಏರಿಳಿಯಬಲ್ಲದು. 8 ಓಮ್‌ನಲ್ಲಿ 1 ವಾಟ್ ಬೇಕಾದರೆ ಕರೆಂಟಿನ ತುದಿ ಅರ್ಧ ಆಂಪ್ ಮುಟ್ಟಬೇಕು. ಐನೂರು ಪಟ್ಟು.

ನಿನಗೆ ಕಾಲೇಜಿನಲ್ಲಿ ಕೇಳಿದ ಪ್ರಶ್ನೆಯ ಉತ್ತರವೂ ಇಲ್ಲೇ ಇದೆ. ಆ ಹೆಚ್ಚಿನ ಪವರ್ ಎಲ್ಲಿಂದ ಬಂತು ಅಂತ ಕೇಳಿದಾಗ "ಟ್ರಾನ್ಸಿಸ್ಟರ್ ಕೊಡುತ್ತದೆ" ಅಂದೆಯಂತೆ. ಆದರೆ ಇದು ನಿನಗೆ ಗೊತ್ತಿತ್ತು. ಚಿಕ್ಕವಳಿದ್ದಾಗಲೇ ಗೊತ್ತಿತ್ತು. ನನ್ನ ಟೇಬಲ್ ಮೇಲೆ ಬ್ಯಾಟರಿಯ ಸಣ್ಣ ಆಂಪ್ಲಿಫೈಯರ್ ಬಿಚ್ಚಿಟ್ಟಿತ್ತು. ನೀನು ಇನ್‌ಪುಟ್ ವೈರಿನ ತುದಿಗೆ ಬೆರಳು ಮುಟ್ಟಿಸಿದೆ. ಸ್ಪೀಕರ್ ಗುಂಯ್ ಅಂತು. ಹೆದರಲಿಲ್ಲ ನೀನು. "ಅಮ್ಮಾ, ಈ ಸದ್ದು ನನ್ನೊಳಗಿಂದ ಬಂತಾ?" ಅಂತ ಕೇಳಿದೆ. ಗೋಡೆಯೊಳಗಿನ ಕರೆಂಟ್ ವೈರುಗಳ ಗುಂಗನ್ನು ನಿನ್ನ ಮೈ ಹಿಡಿಯುತ್ತಿದೆ, ಅದು ತೀರಾ ಚಿಕ್ಕದು ಅಂದೆ. ನಂಬಲಿಲ್ಲ. ಚಿಕ್ಕದಾದರೆ ಇಷ್ಟು ಜೋರು ಹೇಗೆ ಅಂದೆ. ನಾನು ಬ್ಯಾಟರಿ ತೆಗೆದು, ಈಗ ಮುಟ್ಟು ಅಂದೆ. ಸದ್ದಿಲ್ಲ. ನೀನು ಬ್ಯಾಟರಿಯನ್ನೊಮ್ಮೆ, ಬೆರಳನ್ನೊಮ್ಮೆ ನೋಡಿ, "ಹಾಗಾದ್ರೆ ನಾನು ಹೇಳ್ತೀನಿ, ಬ್ಯಾಟರಿ ಕೂಗುತ್ತೆ" ಅಂದೆ.

ಕಾಲೇಜಿನಲ್ಲಿ ಅದನ್ನೇ ಹೇಳಬಹುದಿತ್ತು ಅಲ್ವಾ? 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವಿಜ್ಞಾನಿಗಳಾದ ಬಾರ್ಡೀನ್ ಮತ್ತು ಬ್ರಾಟನ್ ತಮ್ಮ ಮೊದಲ ಟ್ರಾನ್ಸಿಸ್ಟರನ್ನು ಮೇಲಿನವರಿಗೆ ತೋರಿಸಿದಾಗ ಮಾಡಿದ್ದೂ ಇಂಥದ್ದೇ. ಅದರ ಮೂಲಕ ಮಾತು ಹಾಯಿಸಿ, ಅದನ್ನು ಸೇರಿಸಿ, ತೆಗೆದು, ವ್ಯತ್ಯಾಸ ಕೇಳಿಸಿದರು. ನೀನು ಯಾರೂ ಹೇಳಿಕೊಡದೆ ಬೆರಳಿನಿಂದ ಆ ಪ್ರಶ್ನೆಗೆ ಬಂದೆ. ಆ ದಿನ ನನಗಾದ ಹೆಮ್ಮೆಯನ್ನು ನಿನಗೆ ಯಾವತ್ತೂ ಹೇಳಿಲ್ಲ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಹಾಗೆ ಕೇಳಿದವಳು ಈಗ "ಬರಲ್ಲ" ಅಂದರೆ ನಾನು ಹೇಗೆ ಸುಮ್ನಿರಲಿ?

ಮುಂದೆ ಮಾಡಬೇಕಾದ್ದು ಇಷ್ಟು. ಸ್ಪೀಕರಿಗೆ ಒಂದು ಔಟ್‌ಪುಟ್ ಜೋಡಿ ಬೇಕು, ಬಿ.ಡಿ. 139 ಮತ್ತು 140. ಅಲೆಯ ಮೇಲಿನ ಅರ್ಧವನ್ನು ಒಂದು ತಳ್ಳುತ್ತದೆ, ಕೆಳಗಿನ ಅರ್ಧವನ್ನು ಇನ್ನೊಂದು ಎಳೆಯುತ್ತದೆ. ಇವು ವೋಲ್ಟೇಜ್ ಹೆಚ್ಚಿಸುವುದಿಲ್ಲ, ಕರೆಂಟ್ ಕೊಡುತ್ತವೆ. ಆದರೆ ಅರ್ಧ ಆಂಪ್ ಕೊಡಲು, ಗೇನ್ 100 ಅಂತ ಹಿಡಿದರೂ, ಬೇಸ್‌ಗೆ 5 ಮಿಲಿಆಂಪ್ ಬೇಕು. ನಿನ್ನ ಮೊದಲ ಹಂತದಲ್ಲಿ ಅಷ್ಟಿಲ್ಲ. ಹಾಗಾಗಿ ನಡುವೆ ಇನ್ನೊಂದು ಹಂತ ಸೇರಿಸಿ, ಅದನ್ನು ಸುಮಾರು 10 ಮಿಲಿಆಂಪ್‌ನಲ್ಲಿ ನಿಲ್ಲಿಸು. ಜೋಡಿಯ ಎರಡು ಬೇಸ್‌ಗಳ ನಡುವೆ ಎರಡು ಡಯೋಡ್ ಇರಲಿ. ಇಲ್ಲದಿದ್ದರೆ ಒಂದು ಬಿಟ್ಟು ಇನ್ನೊಂದು ಹಿಡಿಯುವ ಹೊತ್ತಿಗೆ ಎರಡೂ ಮಲಗಿರುತ್ತವೆ. ಮೆಲ್ಲನೆಯ ಹಾಡಿನಲ್ಲೇ ಆ ಕೊರತೆ ಹೆಚ್ಚು ಕೇಳಿಸುತ್ತದೆ.

ಡಯೋಡ್‌ಗಳು ಆ ಜೋಡಿಯ ಬಿಸಿ ಹೀರುವ ಲೋಹದ ಹೀಟ್‌ಸಿಂಕಿಗೆ ತಾಗಿರಲಿ. ಟ್ರಾನ್ಸಿಸ್ಟರ್ ಒಂದು ಡಿಗ್ರಿ ಬಿಸಿಯಾದರೆ ಬೇಸ್-ಎಮಿಟರ್ ವೋಲ್ಟೇಜ್ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಬೇಸ್ ವೋಲ್ಟೇಜ್ ಹಾಗೇ ಇದ್ದರೆ ಕರೆಂಟ್ ಏರುತ್ತದೆ, ಇನ್ನೂ ಬಿಸಿಯಾಗುತ್ತದೆ, ಇನ್ನೂ ಏರುತ್ತದೆ, ಕೊನೆಗೆ ಸುಟ್ಟೇಹೋಗುತ್ತದೆ. ಡಯೋಡೂ ಜೊತೆಗೆ ಬಿಸಿಯಾದರೆ ಅದರ ವೋಲ್ಟೇಜೂ ಇಳಿದು ಸರಿದೂಗಿಸುತ್ತದೆ. ಎಮಿಟರ್‌ಗಳಲ್ಲಿ 0.47 ಓಮ್ ಒಂದೊಂದು ಹಾಕು.

ಮತ್ತೆ ಆ ಬೆರಳಿನ ಮಾತಿಗೇ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಅಂದು ಟೇಬಲ್ ಮೇಲಿದ್ದದ್ದು ಬ್ಯಾಟರಿ. ಈಗ ಅರ್ಧ ಆಂಪ್ ಬೇಕು ಅಂದರೆ ನೀನು ಟ್ರಾನ್ಸ್‌ಫಾರ್ಮರ್ ತಂದು ಸಪ್ಲೈಯನ್ನೂ ನೀನೇ ಕಟ್ಟುತ್ತೀಯ, ಗೊತ್ತು ನನಗೆ. ಬೇಡ. ಮುಚ್ಚಿದ ಡಬ್ಬಿಯ, ಕರೆಂಟ್ ಮಿತಿ ಇರುವ ಸಪ್ಲೈ ಲ್ಯಾಬಿನಲ್ಲಿ ಸಿಗುತ್ತದೆ, ಕೇಳಿ ತಗೋ. ಗೋಡೆಯ ಕರೆಂಟಿಗೆ ನೇರವಾಗಿ ಸೇರಿದ ಯಾವುದನ್ನೂ ಬಿಚ್ಚಿಟ್ಟುಕೊಂಡು ರಾತ್ರಿ ಒಬ್ಬಳೇ ಕೂರಬೇಡ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್ ಚಾರ್ಜ್ ಹಿಡಿದಿರುತ್ತದೆ. ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿ, ಆಮೇಲೆ ಕೈ ಹಾಕು. ನಿದ್ದೆಗಣ್ಣಿನಲ್ಲಿ ಬೇಡ. ಸಿಟ್ಟಿನಲ್ಲಂತೂ ಬೇಡವೇ ಬೇಡ. ನೀನು ಏನನ್ನಾದರೂ ಮುಟ್ಟಿಯೇ ನೋಡುವವಳು, ಅದಕ್ಕೇ ಇಷ್ಟು ಸಲ ಹೇಳುತ್ತಿದ್ದೇನೆ. ಪಾಠ ಶುರುಮಾಡಿದಳು ಅಂತ ಅಂದುಕೊಂಡರೂ ಪರವಾಗಿಲ್ಲ.

ಹೊಸ ಹಂತ ಸೇರಿಸಿದ ಮೇಲೆ ಸ್ಪೀಕರ್ ಹಾಕುವ ಮುಂಚೆ ಔಟ್‌ಪುಟ್ ಜೋಡಿಯ ನಡುವಿನ ಬಿಂದುವನ್ನು ಅಳೆ. ಸುಮಾರು 6 ವೋಲ್ಟ್ ಬರಬೇಕು. ಬಂದರೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಸ್ಪೀಕರ್ ಸೇರಿಸು. ಬರದಿದ್ದರೆ ಏನನ್ನೂ ಬದಲಾಯಿಸದೆ, ಎಲ್ಲ ರೀಡಿಂಗ್ ಬರೆದು ನನಗೆ ಕಳಿಸು, ಎಷ್ಟು ಹೊತ್ತಾದರೂ ಸರಿ. ಕೋರ್ಸ್ ಬಿಡುವ ಮಾತು ಅದಾದ ಮೇಲೆ ಆಡೋಣ.

ಅಮ್ಮ