ತೂಕದ ಚೀಟಿಯ ಹಿಂದೆ ಬರೆದ ಬಿಪಿ

ಬಿಪಿ ವಿಪರೀತ ಏರಿ ನಾನು ಆಸ್ಪತ್ರೆ ಸೇರಿ ಇವತ್ತಿಗೆ ನಲವತ್ತು ದಿನ. ನಿನ್ನೆಯಿಂದ ಮತ್ತೆ ರಾಯಚೂರು ಗಂಜಿನ (ಧಾನ್ಯದ ಮಾರುಕಟ್ಟೆಯ) ಅಂಗಡಿಯಲ್ಲಿ ಲೆಕ್ಕ ಬರೆಯಲು ಕೂತಿದ್ದೇನೆ. ಏನಾಯಿತು ಅಂತ ನಿಮಗೆಲ್ಲ ಗೊತ್ತೇ ಇದೆ. ಫೋನ್ ಮಾಡಿದವರಿಗೆ, ದುಡ್ಡು ಹೊಂದಿಸಿದವರಿಗೆ, ರೊಟ್ಟಿ ಬುತ್ತಿ ಕಳಿಸಿದವರಿಗೆ, ಸಾಹುಕಾರರಿಗೆ, ಡಾಕ್ಟರಿಗೆ, ಸಿಸ್ಟರ್‌ಗಳಿಗೆ ಕೈಮುಗಿದು ನಮಸ್ಕಾರ.

ಆದರೆ ಆ ರಾತ್ರಿ ನನ್ನ ಜೊತೆ ಇದ್ದವರು ನಮ್ಮ ಅಂಗಡಿಯ ಹಮಾಲಿ ಕಾಕಾ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ಹೆಂಡತಿ ಲಿಂಗಸುಗೂರಿಗೆ, ತವರಿಗೆ ಹೋಗಿದ್ದಳು.

ಸೇರಿಸುವಾಗ ಬಿಪಿ 230/130. ಲ್ಯಾಬೆಟಲಾಲ್ ಅನ್ನೋ ಬಿಪಿ ಇಳಿಸುವ ಔಷಧಿಯನ್ನು ಸಿರಿಂಜ್ ಪಂಪಿನಿಂದ ಕೈಯ ನರಕ್ಕೆ ಇಷ್ಟಿಷ್ಟೇ ಬಿಡುತ್ತಿದ್ದರು. ರಟ್ಟೆಗೆ ಕಟ್ಟಿದ ಪಟ್ಟಿ ಮತ್ತೆ ಮತ್ತೆ ಬಿಗಿಯುತ್ತಿತ್ತು. ಗಂಟೆ ಕಳೆದರೂ ಮೇಲಿನ ಅಂಕಿ 190. ತಲೆ ಸಿಡಿಯುತ್ತಿತ್ತು, ಕಣ್ಣು ಮಂಜು ಮಂಜು. ಪಂಪು ಜೋರು ಮಾಡಿ ಅಂತ ಕೂಗಾಡಿದೆನಂತೆ. ಮೊದಲ ಗಂಟೆಯಲ್ಲಿ ಕಾಲುಭಾಗಕ್ಕಿಂತ ಜಾಸ್ತಿ ಇಳಿಸಬಾರದು, ಒಮ್ಮೆಲೇ ಇಳಿಸಿದರೆ ಮೆದುಳಿಗೆ ರಕ್ತ ಸಾಲುವುದಿಲ್ಲ ಅಂತ ಡಾಕ್ಟರು ಹೇಳಿದರು. ನನಗೆ ಎಲ್ಲಿ ತಿಳಿಯಬೇಕು? ಕಾಕಾ ಕಿವಿಯ ಹತ್ತಿರ ಬಗ್ಗಿ, "ತಮ್ಮಾ, ಲಾರಿ ಮ್ಯಾಲಿಂದ ಚೀಲ ದಬ್ಬಿದ್ರ ಹೊಲಿಗಿ ಹರೀತದ. ಬೆನ್ನ ಮ್ಯಾಲ ಹೊತ್ತು ಇಳಿಸ್ಬೇಕು. ಇವ್ರು ಹಂಗ ಇಳಿಸ್ಲಿಕ್ಕತ್ಯಾರ" ಅಂದರು. ಆಮೇಲೆ ನಾನು ಕೂಗಲಿಲ್ಲ.

ಕಾಕಾನನ್ನು ಒಳಗೆ ಜಾಸ್ತಿ ಹೊತ್ತು ಬಿಡುತ್ತಿರಲಿಲ್ಲ. ಬಾಗಿಲ ಹೊರಗೆ ನೆಲದ ಮೇಲೆ ಕೂತು, ಸಿಸ್ಟರ್ ಬಂದಾಗೆಲ್ಲ ಎಷ್ಟಿದೆ ಅಂತ ಕೇಳಿ, ಜೇಬಿನಲ್ಲಿದ್ದ ತೂಕದ ಚೀಟಿಯ ಹಿಂದೆ ಬರೆದುಕೊಂಡಿದ್ದಾರೆ. 190, 184, 176, ನಡುವೆ ಒಮ್ಮೆ 182. ಬೆಳಗಿನ ಐದಕ್ಕೆ 160/100. ಅದರ ಕೆಳಗೆ ಒಂದು ಗೆರೆ. ಲೋಡು ಮುಗಿದಾಗ ಎಳೆಯುತ್ತಾರಲ್ಲ, ಅದೇ ಗೆರೆ.

ಇನ್ನೊಂದು ಮಾತು ನಿಮಗೆ ಗೊತ್ತಿಲ್ಲ. ಬಿಪಿ ಮಾತ್ರೆ ಬಿಟ್ಟು ಮೂರು ತಿಂಗಳಾಗಿತ್ತು. ಆರಾಮ್ ಇದ್ದೀನಲ್ಲ, ಸುಮ್ನೆ ಯಾಕೆ ಅಂತ. ಮನೆಯಲ್ಲಿ ಕೇಳಿದರೆ ನುಂಗಿದೆ ಅನ್ನುತ್ತಿದ್ದೆ. ದಿನಾ ಸುಳ್ಳು. ನಡುರಾತ್ರಿ ಕಾಕಾನ ಕೈ ಹಿಡಿದು ಅದನ್ನೇ ಹೇಳಿ ಅತ್ತೆ. ಸತ್ತರೆ ಹೆಂಡತಿಗೆ ಸುಳ್ಳು ಹೇಳಿಯೇ ಸಾಯುತ್ತೇನಲ್ಲ ಅನ್ನಿಸಿತ್ತು. ಅವರು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. "ಮುಂಜಾನಿ ಆಕಿಗೆ ನೀನ ಹೇಳು" ಅಂದರು. ಮೊದಲ ಬಸ್ಸಿಗೆ ಬಂದಳು. ಹೇಳಿದೆ. ಉಳಿದದ್ದು ನಮ್ಮ ಮನೆಯ ಮಾತು.

ಮರುದಿನ ಭತ್ತದ ಲೋಡಿತ್ತು, ಕಾಕಾನ ಕೂಲಿ ಹೋಯಿತು. ಕೊಡಲು ಹೋದರೆ ಸಿಟ್ಟಾದರು. ನಿನ್ನೆ ಮೊದಲ ಚೀಲಕ್ಕೆ ಕೊಕ್ಕೆ ಹಾಕುವ ಮುಂಚೆ ನನ್ನ ಗಾದಿಯ ಹತ್ತಿರ ಬಂದು ಮಾತ್ರೆಯ ಶೀಟು ತೋರಿಸು ಅಂದರು. ಖಾಲಿಯಾದವನ್ನು ಒಂದೊಂದಾಗಿ ಎಣಿಸಿದರು. ಲೆಕ್ಕ ಸರಿಯಿತ್ತು. ಚೀಲ ಹೊರಲು ಹೋದರು.