ನಕ್ಷೆ ಓದುತ್ತಿದ್ದ ಮನುಷ್ಯ

ಚಿ. ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಚಟ್ನಿಪುಡಿ ಡಬ್ಬಿ ಒಡೆಯದೆ ತಲುಪಿತೆಂದು ತಿಳಿದ ಮೇಲೆಯೇ ನಿನ್ನ ಅಮ್ಮನಿಗೆ ಸಮಾಧಾನವಾದದ್ದು. ಭಾನುವಾರ ಫೋನಿನಲ್ಲಿ ಜರ್ಮನ್ ಜನರಲ್ ಹಾಯ್ಸಿಂಗರ್ ಬಗ್ಗೆ ನೀನು ಕೇಳಿದ ಪ್ರಶ್ನೆಯನ್ನು ನಾನು "ನೋಡೋಣ" ಎಂದು ತೇಲಿಸಿಬಿಟ್ಟೆ. ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತ ಬರೆದವನ ಚಾಳಿ ಅದು. ಕಷ್ಟದ ಕಡತ ಯಾವಾಗಲೂ ಅಡಿಗೆ ಹೋಗುತ್ತದೆ. ಈ ವಾರವೆಲ್ಲ ಅದನ್ನೇ ಓದಿದೆ.

ನೀನು ಬಾನ್‌ನಲ್ಲಿ ದಿನವೂ ಹಾದುಹೋಗುವ ಎರ್ಮೆಕೈಲ್ ಬ್ಯಾರಕ್ಸ್‌ನ ಕಥೆ 1955ರ ನವೆಂಬರ್ 12ರದು. ಯುದ್ಧ ಸೋತು ಹತ್ತು ವರ್ಷ ಸೈನ್ಯವೇ ಇಲ್ಲದಿದ್ದ ಪಶ್ಚಿಮ ಜರ್ಮನಿ ಅಂದು ತನ್ನ ಮೊದಲ 101 ಸೈನಿಕರಿಗೆ ನೇಮಕಪತ್ರ ಕೊಟ್ಟಿತು. ಸಮಾರಂಭ ನಡೆದದ್ದು ವಾಹನ ನಿಲ್ಲಿಸುವ ಶೆಡ್ಡಿನಲ್ಲಿ. ಸಮವಸ್ತ್ರ ಎಲ್ಲರಿಗೂ ಸಿದ್ಧವಾಗಿರಲಿಲ್ಲ. ಬಹಳ ಮಂದಿ ಕೋಟು, ಟೈ ಹಾಕಿಕೊಂಡೇ ಸಾಲಿನಲ್ಲಿ ನಿಂತಿದ್ದರು. ಹಳೆಯ ಫೋಟೋ ನೋಡಿದರೆ ಯಾವುದೋ ಬ್ಯಾಂಕಿನ ವಾರ್ಷಿಕ ಸಭೆಯಂತಿದೆ. ರಕ್ಷಣಾ ಸಚಿವ ಥಿಯೋಡೋರ್ ಬ್ಲಾಂಕ್ ಅಂದು ನೇಮಿಸಿದ ಇಬ್ಬರು ಜನರಲ್‌ಗಳಲ್ಲಿ ಒಬ್ಬ ಹಾನ್ಸ್ ಸ್ಪೈಡೆಲ್, ಇನ್ನೊಬ್ಬ ಅಡಾಲ್ಫ್ ಹಾಯ್ಸಿಂಗರ್. ನಾನು ಹ್ಯೂಸಿಂಗರ್ ಎಂದದ್ದಕ್ಕೆ ನೀನು ನಕ್ಕೆಯಲ್ಲ, ಅದೇ ಹಾಯ್ಸಿಂಗರ್.

"ಹಿಟ್ಲರನ ಪಕ್ಕದಲ್ಲಿ ನಿಂತಿದ್ದವನೇ ಹೊಸ ಸೈನ್ಯಕ್ಕೂ ಹೇಗೆ ಬೇಕಾದ ಅಪ್ಪಾ?" ಎಂದೆ. ಪಕ್ಕದಲ್ಲಿ ಎಂಬುದು ಬರಿಯ ಮಾತಲ್ಲ, ಅಳತೆಗೆ ಸಿಕ್ಕುವಷ್ಟು ಪಕ್ಕ. 1944ರ ಜುಲೈ 20ರ ಮಧ್ಯಾಹ್ನ ಪೂರ್ವ ಪ್ರಷ್ಯಾದ ಕಾಡಿನ ಶಿಬಿರದಲ್ಲಿ ಹಿಟ್ಲರನ ಬಲಗಡೆ ನಿಂತು, ದಪ್ಪ ಓಕ್ ಮೇಜಿನ ಮೇಲೆ ಹರಡಿದ ನಕ್ಷೆ ತೋರಿಸುತ್ತ ಪೂರ್ವದ ರಣರಂಗದ ವರದಿ ಒಪ್ಪಿಸುತ್ತಿದ್ದದ್ದು ಹಾಯ್ಸಿಂಗರ್. ಹಿಟ್ಲರನನ್ನು ಕೊಲ್ಲುವ ಸಂಚು ಹೂಡಿದ್ದ ಸೇನಾಧಿಕಾರಿ ಸ್ಟೌಫೆನ್‌ಬರ್ಗ್ ಒಳಗೆ ಬಂದು, ಬಾಂಬಿದ್ದ ಚರ್ಮದ ಚೀಲವನ್ನು ಮೇಜಿನ ಕೆಳಗಿಟ್ಟು, ಫೋನಿನ ನೆಪ ಹೇಳಿ ಹೊರಟ. ಹಾಯ್ಸಿಂಗರ್‌ನ ಸಹಾಯಕ ಕರ್ನಲ್ ಬ್ರಾಂಟ್ ಆ ಚೀಲ ಕಾಲಿಗೆ ತೊಡರುತ್ತದೆಂದು ಮೇಜಿನ ಕಾಲಿನ ಆಚೆಗೆ ಸರಿಸಿದನಂತೆ. ಸರಿಸಿದವನು ಸತ್ತ, ಹಿಟ್ಲರ್ ಉಳಿದ, ಹಾಯ್ಸಿಂಗರ್ ಗಾಯಗೊಂಡ. ಕೆಲವೇ ದಿನಗಳಲ್ಲಿ ಹಿಟ್ಲರನ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಾಪೊ ಹಾಯ್ಸಿಂಗರ್‌ನನ್ನೇ ಹಿಡಿದೊಯ್ದಿತು. ಸಂಚುಗಾರರಲ್ಲಿ ಕೆಲವರ ಪರಿಚಯವಿತ್ತು, ಆದರೆ ಕೈಜೋಡಿಸಿದ್ದು ಸಾಬೀತಾಗಲಿಲ್ಲ, ಬಿಟ್ಟರು.

ಅವರು ಎಂದು ಬರೆಯಲು ಕೈ ಏಳುತ್ತಿಲ್ಲ. ಅವನು ಎಂದು ಬರೆದರೆ ನನ್ನ ಅಜ್ಜನ ವಾರಿಗೆಯ ಮನುಷ್ಯನನ್ನು ಏಕವಚನದಲ್ಲಿ ಕರೆದಂತೆ. ಆದರೂ ಅವನು ಎಂದೇ ಬರೆಯುತ್ತೇನೆ.

1897ರಲ್ಲಿ ಹೋಲ್ಟ್ಸ್‌ಮಿಂಡನ್‌ನಲ್ಲಿ ಹುಟ್ಟಿದವನು 1915ರಲ್ಲಿ ಜರ್ಮನ್ ಚಕ್ರವರ್ತಿ ಕೈಸರನ ಕಾಲದ ಸೈನ್ಯ ಸೇರಿದ. 1917ರಲ್ಲಿ ಫ್ಲಾಂಡರ್ಸ್‌ನಲ್ಲಿ ಬ್ರಿಟಿಷರ ಸೆರೆಯಾದ. ಬಿಡುಗಡೆಯಾಗಿ ಬರುವಷ್ಟರಲ್ಲಿ ಕೈಸರನೇ ಇರಲಿಲ್ಲ. ಆಮೇಲೆ ಕೈಸರನ ನಂತರ ಬಂದ ವೈಮರ್ ಗಣರಾಜ್ಯದ ಸೈನ್ಯ. ಮೊದಲ ಮಹಾಯುದ್ಧದ ನಂತರದ ವರ್ಸೇಲ್ಸ್ ಒಪ್ಪಂದ ಅದಕ್ಕೆ ಹಾಕಿದ ಮಿತಿ ಒಂದು ಲಕ್ಷ, ಅದರಲ್ಲಿ ಅಧಿಕಾರಿಗಳು 4,000. ಅಂಥ ಚಾಳಣಿಯಲ್ಲಿ ಉಳಿಯಬೇಕಾದರೆ ಬುದ್ಧಿವಂತನೇ ಆಗಿರಬೇಕು. ಅಲ್ಲಿ ಪ್ರಮಾಣ ಸಂವಿಧಾನಕ್ಕೆ. 1934ರ ಆಗಸ್ಟ್ 2ರಂದು ರಾಷ್ಟ್ರಾಧ್ಯಕ್ಷ ಹಿಂಡನ್‌ಬರ್ಗ್ ಸತ್ತ ದಿನವೇ ಪ್ರಮಾಣದ ಮಾತು ಬದಲಾಯಿತು. ದೇಶಕ್ಕಲ್ಲ, ಸಂವಿಧಾನಕ್ಕಲ್ಲ, ಹೆಸರು ಹೇಳಿ ಒಬ್ಬ ಮನುಷ್ಯನಿಗೆ ಬೇಷರತ್ ವಿಧೇಯತೆ. ನಮ್ಮ ಹಳಗನ್ನಡದಲ್ಲಿ ಉಂಡ ಅನ್ನದ ಋಣಕ್ಕೆ ಜೋಳವಾಳಿ ಎನ್ನುತ್ತಾರೆ. ಆದರೆ ಜೋಳ ಕೊಟ್ಟದ್ದು ಜರ್ಮನಿಯ ಜನ, ವಾಳಿ ಸಂದದ್ದು ಹಿಟ್ಲರನಿಗೆ.

ರಾಮಾಯ ಸ್ವಸ್ತಿ ರಾವಣಾಯ ಸ್ವಸ್ತಿ ಎಂದು ಒಂದೇ ಸಾಲಿನಲ್ಲಿ ತೀರ್ಪು ಬರೆದು ಈ ಕಡತವನ್ನು ಮುಗಿಸಬಹುದಿತ್ತು. ಆದರೆ ಓದುತ್ತ ಹೋದಂತೆ ಅವನು ಗಾಳಿ ಬಂದ ಕಡೆ ತೂರಿಕೊಂಡವನಂತೆ ಕಾಣಲಿಲ್ಲ. ಕೂತ ಕುರ್ಚಿಯನ್ನು ಬಿಟ್ಟವನೇ ಅಲ್ಲ, ಕೋಣೆಯ ಗೋಡೆಯ ಮೇಲಿನ ಚಿತ್ರಪಟ ಮಾತ್ರ ಬದಲಾಗುತ್ತಿತ್ತು. 1940ರ ಅಕ್ಟೋಬರ್‌ನಿಂದ ಭೂಸೇನೆಯ ಕಾರ್ಯಾಚರಣೆ ವಿಭಾಗದ ಮುಖ್ಯಸ್ಥ. ಸೋವಿಯತ್ ಒಕ್ಕೂಟದ ಮೇಲಿನ ದಾಳಿಯ ಯೋಜನೆ ಆ ವಿಭಾಗದ ಕೈಯಲ್ಲೇ ಬಲಿತದ್ದು. ಗೆರಿಲ್ಲಾಗಳ ವಿರುದ್ಧದ ಹೋರಾಟದ ಕಾಗದಗಳೂ ಅದೇ ಮೇಜನ್ನು ಹಾದುಹೋಗುತ್ತಿದ್ದವು. ಆ ಹೆಸರಿನಲ್ಲಿ ಸುಟ್ಟ ಹಳ್ಳಿಗಳಿಗೆ ಲೆಕ್ಕವಿಲ್ಲ. ನಕ್ಷೆಯಲ್ಲಿ ಹಳ್ಳಿ ಎಂದರೆ ಒಂದು ಚುಕ್ಕೆ.

ಇಲ್ಲಿ ಓದು ನಿಲ್ಲಿಸಿ ಸ್ವಲ್ಪ ಹೊತ್ತು ಅಂಗಳದಲ್ಲಿ ಓಡಾಡಿದೆ. ನಿನಗೆ ಹೇಳಿರದ ಒಂದು ಸಂಗತಿ ಇದೆ. ನೀನು ಹುಟ್ಟುವ ಮೊದಲು, ಕೆರೆ ಏರಿಯ ಕೆಳಗಿನ ಗುಡಿಸಲುಗಳನ್ನು ತೆರವು ಮಾಡಿಸುವ ನೋಟಿಸಿನ ಕರಡು ಬರೆದದ್ದು ನಾನು. ಸರ್ವೆ ನಂಬರು, ಚಕ್ಕುಬಂದಿ, ಒಂದಕ್ಷರ ತಪ್ಪಿರಲಿಲ್ಲ. ಸಾಹೇಬರು ಹೊಗಳಿದರು. ಎರಡು ವರ್ಷದ ಮೇಲೆ ಸರ್ಕಾರ ಬದಲಾಗಿ ಆ ಆದೇಶ ರದ್ದಾಯಿತು. ರದ್ದತಿಯ ಕರಡನ್ನೂ ನನ್ನಿಂದಲೇ ಬರೆಸಿದರು, ಹೊಸ ಸಾಹೇಬರೂ ಹೊಗಳಿದರು. ಅಷ್ಟರಲ್ಲಿ ಗುಡಿಸಲುಗಳಂತೂ ಇರಲಿಲ್ಲ. ನನ್ನದನ್ನು ಅವನದರ ಪಕ್ಕ ಇಡುವುದು ಅತಿಯಾಯಿತು, ಗೊತ್ತು. ಆದರೂ ಹೊಸಬರಿಗೆ ಅವನು ಹೇಗೆ ಬೇಕಾದ ಎಂಬ ನಿನ್ನ ಪ್ರಶ್ನೆಗೆ ನನಗೆ ಗೊತ್ತಿರುವ ಉತ್ತರ ಇದೇ: ಅವನಿಗೆ ಕೆಲಸ ಬರುತ್ತಿತ್ತು.

ಉಳಿದದ್ದು ಬೇಗ ಹೇಳುತ್ತೇನೆ. ಯುದ್ಧ ಮುಗಿದು ಸೆರೆ, ನ್ಯೂರೆಂಬರ್ಗ್‌ನ ಯುದ್ಧಾಪರಾಧ ವಿಚಾರಣೆಯಲ್ಲಿ ಸಾಕ್ಷಿ, ಆಮೇಲೆ ಅಮೆರಿಕನ್ನರು ಸಾಕುತ್ತಿದ್ದ ಗೆಲೆನ್‌ನ ಗೂಢಚಾರ ಸಂಸ್ಥೆಯಲ್ಲಿ ಕೆಲಸ. 1950ರ ಜೂನ್‌ನಲ್ಲಿ ಕೊರಿಯಾದಲ್ಲಿ ಯುದ್ಧ ಹೊತ್ತಿಕೊಂಡಿತು. ನಾಳೆ ಜರ್ಮನಿಯಲ್ಲೂ ಹೀಗಾದರೆ ಎಂಬ ದಿಗಿಲಿಗೆ ಅಮೆರಿಕಕ್ಕೆ ಜರ್ಮನ್ ಸೈನಿಕ ಮತ್ತೆ ಬೇಕೆನಿಸಿತು. ಅದೇ ಅಕ್ಟೋಬರ್‌ನಲ್ಲಿ ಐಫೆಲ್ ಗುಡ್ಡಗಳ ಹಿಮರೋಡ್ ಎಂಬ ಮಠದಲ್ಲಿ ಹಳೆಯ ಅಧಿಕಾರಿಗಳು ಗುಟ್ಟಾಗಿ ಸೇರಿ ಹೊಸ ಸೈನ್ಯದ ಕರಡು ಬರೆದರು. ಅದರಲ್ಲಿ ಡಿವಿಷನ್‌ಗಳ ಲೆಕ್ಕದ ಜೊತೆಗೆ ಇನ್ನೊಂದು ಬೇಡಿಕೆಯೂ ಇತ್ತು: ಹಳೆಯ ಸೈನ್ಯದ ಮಾನವನ್ನು ಮರಳಿಸಿರಿ, ಶಿಕ್ಷೆಯಾದವರನ್ನು ಬಿಡಿರಿ. ಆ ಸಾಲು ನನಗೆ ಈಗಲೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ಜೊತೆಗೆ ಇದನ್ನೂ ಹೇಳಬೇಕು: ಸೈನಿಕ ಎಂದರೆ ಸಮವಸ್ತ್ರ ತೊಟ್ಟ ನಾಗರಿಕ, ಅವನು ಸಂಸತ್ತಿಗೆ ಅಧೀನ ಎಂಬ ವಿಚಾರ ಬೇರೂರಿದ್ದೂ ಆ ಸೈನ್ಯದಲ್ಲಿಯೇ. ಕರ್ನಲ್ ಮತ್ತು ಮೇಲಿನ ಹುದ್ದೆ ಬಯಸಿದವರನ್ನು 38 ಜನರ ಸಮಿತಿಯೊಂದು ಜರಡಿ ಹಿಡಿಯಿತು.

1957ರಿಂದ 1961ರವರೆಗೆ ಹಾಯ್ಸಿಂಗರ್ ಆ ಸೈನ್ಯದ ಮೊದಲ ಇನ್‌ಸ್ಪೆಕ್ಟರ್ ಜನರಲ್, ಅಂದರೆ ಅತ್ಯುನ್ನತ ಸೇನಾಧಿಕಾರಿ. ಆಮೇಲೆ ವಾಷಿಂಗ್ಟನ್‌ನಲ್ಲಿ ನೇಟೋ ಸೇನಾ ಸಮಿತಿಯ ಅಧ್ಯಕ್ಷ. 1961ರ ಡಿಸೆಂಬರ್‌ನಲ್ಲಿ ಸೋವಿಯತ್ ಒಕ್ಕೂಟ ಅವನನ್ನು ಯುದ್ಧಾಪರಾಧಿಯೆಂದು ಒಪ್ಪಿಸಲು ಕೇಳಿತು, ಅಮೆರಿಕ ಒಪ್ಪಲಿಲ್ಲ. 1982ರಲ್ಲಿ ಕಲೋನ್‌ನಲ್ಲಿ ತೀರಿಕೊಂಡ.

ನನ್ನನ್ನು ಹೆಚ್ಚು ಕಾಡಿದ್ದು ಒಂದು ಹಾಳೆ. 1959ರ ಜುಲೈ 20ರಂದು, ಬಾಂಬ್ ಸಿಡಿದ 15 ವರ್ಷಕ್ಕೆ, ಅವನು ತನ್ನ ಸೈನಿಕರಿಗೆ ದಿನದ ಆದೇಶ ಹೊರಡಿಸಿ ಸಂಚುಗಾರರನ್ನು ಗೌರವದಿಂದ ನೆನೆದ. ಅವರನ್ನು ದ್ರೋಹಿಗಳೆನ್ನುವ ಜನ ಆಗ ಜರ್ಮನಿಯಲ್ಲಿ ಕಡಿಮೆಯೇನೂ ಇರಲಿಲ್ಲ. ಅದನ್ನು ಬರೆಯುವಾಗ ಆ ಮೇಜು, ನಕ್ಷೆ, ಪಕ್ಕದಲ್ಲಿದ್ದ ಬ್ರಾಂಟ್ ಕಣ್ಣಮುಂದೆ ಬಂದಿರಲೇಬೇಕು. ತಡವಾಯಿತು ಎನ್ನಬಹುದು. ಆದರೆ ಆ ಹಾಳೆಯ ಕೆಳಗಿದ್ದ ಸಹಿ ಅವನದೇ.

ಇನ್ನೊಮ್ಮೆ ಬರ್ಲಿನ್‌ಗೆ ಹೋದರೆ, ಆ ರಾತ್ರಿ ಸ್ಟೌಫೆನ್‌ಬರ್ಗ್‌ನನ್ನು ಗುಂಡಿಟ್ಟು ಕೊಂದ ಬೆಂಡ್ಲರ್‌ಬ್ಲಾಕ್ ಎಂಬ ಸೇನಾ ಕಚೇರಿಯ ಅಂಗಳದಲ್ಲಿ ನನ್ನ ಪರವಾಗಿ ಐದು ನಿಮಿಷ ನಿಂತು ಬಾ. ನಾನು ಬರೆದ ಆ ನೋಟಿಸಿನ ಕಾರ್ಬನ್ ಪ್ರತಿ ಅಟ್ಟದ ಟ್ರಂಕಿನಲ್ಲಿ ಇನ್ನೂ ಇದೆ. ರಜೆಗೆ ಬಂದಾಗ ಇಳಿಸಿ ತೋರಿಸುತ್ತೇನೆ.

ಇತಿ,
ನಿನ್ನ ಅಪ್ಪ